ಬೆಂಗಳೂರಿನ ಬಿಲ್ಲು, ಶಿರಸಿಯ ದೂರು

ಶಿರಸಿಯ ಓದುಗರೊಬ್ಬರು ಬೆಂಗಳೂರಿನ ಅಂಗಡಿಯಲ್ಲಿ 38,500 ರೂಪಾಯಿಗೆ ಮನೆಬಳಕೆಯ ಫ್ರಿಜ್ ಕೊಂಡು ಊರಿಗೆ ತರಿಸಿಕೊಂಡಿದ್ದಾರೆ. ಕಂಪನಿಯ ಮೆಕ್ಯಾನಿಕ್ ಮೂರು ಸಲ ಬಂದು ಗ್ಯಾಸ್ ತುಂಬಿ ಹೋದರೂ ರಾತ್ರಿ ಇಟ್ಟ ಹಾಲು ಬೆಳಿಗ್ಗೆ ಒಡೆಯುತ್ತಿದೆಯಂತೆ. ಬಿಲ್ಲಿನ ಅಡಿಯಲ್ಲಿ ‘ತಕರಾರುಗಳು ಬೆಂಗಳೂರು ನ್ಯಾಯಾಲಯಗಳ ವ್ಯಾಪ್ತಿಗೆ ಮಾತ್ರ’ ಎಂದು ಅಚ್ಚಾಗಿದೆ; ಹಾಗಾದರೆ ದೂರು ಕೊಡಲು ಬೆಂಗಳೂರಿಗೇ ಹೋಗಬೇಕೆ ಎಂದು ಕೇಳಿದ್ದಾರೆ.

ಮಾನ್ಯರೇ, ಹೋಗಬೇಕಾಗಿಲ್ಲ. 1986ರ ಹಳೆಯ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ಎದುರುದಾರರು ವ್ಯವಹಾರ ನಡೆಸುವಲ್ಲಿ ಅಥವಾ ವ್ಯಾಜ್ಯದ ಕಾರಣ ಹುಟ್ಟಿದಲ್ಲಿ ದೂರು ಸಲ್ಲಿಸಬೇಕಿತ್ತು. 2020ರ ಜುಲೈ 20ರಂದು ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 34ನೆಯ ಕಲಮು ಇವೆರಡನ್ನೂ ಉಳಿಸಿಕೊಂಡು, ದೂರುದಾರರು ವಾಸವಿರುವ ಅಥವಾ ದುಡಿಯುವ ಜಿಲ್ಲೆಯ ಗ್ರಾಹಕ ವ್ಯಾಜ್ಯ ಆಯೋಗಕ್ಕೂ ದೂರು ಕೇಳುವ ಅಧಿಕಾರ ಕೊಟ್ಟಿದೆ. ಕಾಯ್ದೆಯೇ ಕೊಟ್ಟ ಈ ಅನುಕೂಲವನ್ನು ಅಂಗಡಿಯವರು ಅಚ್ಚು ಹಾಕಿಸಿದ ಒಂದು ಸಾಲು ಕಿತ್ತುಕೊಳ್ಳುತ್ತದೆಂದು ಹೆದರಬೇಡಿ. ನಿಮ್ಮ ದೂರು ಕಾರವಾರದಲ್ಲಿರುವ ಉತ್ತರ ಕನ್ನಡ ಜಿಲ್ಲಾ ಆಯೋಗಕ್ಕೆ ಸಲ್ಲುತ್ತದೆ. ಘಟ್ಟ ಇಳಿದು ಹೋಗುವುದೂ ಸಣ್ಣ ಪ್ರಯಾಣವೇನಲ್ಲ, ಒಪ್ಪುತ್ತೇನೆ. ಆದರೆ ದೂರನ್ನು ಆನ್‌ಲೈನ್ ಮೂಲಕವೂ ಸಲ್ಲಿಸಬಹುದು.

ಪರಿಹಾರ ಹೆಚ್ಚು ಕೇಳಿದರೆ ಪ್ರಕರಣ ರಾಜ್ಯ ಆಯೋಗಕ್ಕೆ ಹೋಗುತ್ತದೆಂದು ನಿಮ್ಮ ಸ್ನೇಹಿತರು ಹೇಳಿದ್ದು ಹಳೆಯ ಕಾಯ್ದೆಯ ಮಾತು. ಈಗ ಲೆಕ್ಕಕ್ಕೆ ಬರುವುದು ನೀವು ಕೊಟ್ಟ ಬೆಲೆಯೇ ಹೊರತು ಕೇಳುವ ಪರಿಹಾರವಲ್ಲ. 2021ರ ಡಿಸೆಂಬರ್‌ನ ನಿಯಮದಂತೆ ಕೊಟ್ಟ ಬೆಲೆ 50 ಲಕ್ಷದವರೆಗಿದ್ದರೆ ಜಿಲ್ಲಾ ಆಯೋಗ, ಅದಕ್ಕೆ ಮೇಲ್ಪಟ್ಟು 2 ಕೋಟಿಯವರೆಗೆ ರಾಜ್ಯ ಆಯೋಗ, ಆಚೆಗಿನದು ರಾಷ್ಟ್ರೀಯ ಆಯೋಗ. ಬೆಲೆ 5 ಲಕ್ಷ ಮೀರದಿದ್ದರೆ ಶುಲ್ಕವೂ ಇಲ್ಲ.

ಅಂಗಡಿಯವರನ್ನೂ ತಯಾರಕ ಕಂಪನಿಯನ್ನೂ ಎದುರುದಾರರನ್ನಾಗಿ ಸೇರಿಸಿ. ಒಬ್ಬರನ್ನೇ ಹಿಡಿದರೆ ಅವರು ಇನ್ನೊಬ್ಬರತ್ತ ಬೊಟ್ಟು ಮಾಡುವುದು ಮಾಮೂಲು. ವ್ಯಾಜ್ಯದ ಕಾರಣ ಹುಟ್ಟಿದ ಎರಡು ವರ್ಷದೊಳಗೆ ದೂರು ಸಲ್ಲಬೇಕು. ಮೆಕ್ಯಾನಿಕ್ ಸಹಿ ಮಾಡಿಕೊಟ್ಟ ಮೂರು ಜಾಬ್ ಶೀಟ್‌ಗಳಲ್ಲೂ ‘ಗ್ಯಾಸ್ ಲೀಕ್’ ಎಂದೇ ಇದೆಯೆಂದು ಬರೆದಿದ್ದೀರಿ. ನನ್ನ ಮಟ್ಟಿಗೆ ನಿಮ್ಮ ಬಿಲ್ಲಿಗಿಂತ ಬೆಲೆಯುಳ್ಳ ಕಾಗದಗಳು ಅವೇ. ಅಷ್ಟಕ್ಕೂ ದೋಷ ಸ್ಪಷ್ಟವಾಗದಿದ್ದರೆ ಆಯೋಗವು ಪ್ರಯೋಗಾಲಯದ ಪರೀಕ್ಷೆಗೆ ಆದೇಶಿಸಬಹುದು. ಅಂಥ ಪ್ರಕರಣ ಐದು ತಿಂಗಳಲ್ಲಿ ಇತ್ಯರ್ಥವಾಗಬೇಕೆಂದು ಕಾಯ್ದೆ ಆಶಿಸುತ್ತದೆ, ಆದರೆ ನೀವು ಅದಕ್ಕಿಂತ ಹೆಚ್ಚು ಕಾಯಲು ಸಿದ್ಧರಿರುವುದು ಒಳ್ಳೆಯದು.