ಎಚ್‌ಐವಿ ಚಿಕಿತ್ಸೆಯಲ್ಲಿರುವ ತಮ್ಮನಿಗೆ ‘ಸಸ್ಯಜನ್ಯ’ ಪುಷ್ಟಿಪುಡಿ ಕೊಡಬಹುದೇ?

ಪೀಣ್ಯದಲ್ಲಿ ಕೆಲಸ ಮಾಡುವ ನಿಮ್ಮ ತಮ್ಮನಿಗೆ ನಾಲ್ಕು ತಿಂಗಳಿಂದ ಎಆರ್‌ಟಿ (ಎಚ್‌ಐವಿ ತಡೆಯುವ ಔಷಧ) ಮಾತ್ರೆ ನಡೆಯುತ್ತಿದೆ, ಆದರೂ ಸೊರಗಿದ್ದಾನೆ ಎಂದು ಬರೆದಿದ್ದೀರಿ. ಪರಿಚಯದವರೊಬ್ಬರು 2,800 ರೂಪಾಯಿಯ ಡಬ್ಬಿ ತಂದು, ‘ಪೂರ್ತಿ ಸಸ್ಯಜನ್ಯ, ಅಡ್ಡಪರಿಣಾಮವೇ ಇಲ್ಲ’ ಎಂದಿದ್ದಾರಂತೆ. ಡಬ್ಬಿಯನ್ನು ಸದ್ಯಕ್ಕೆ ತೆರೆಯಬೇಡಿ. ನಾನು ವೈದ್ಯನಲ್ಲ. ಹನ್ನೆರಡು ವರ್ಷಗಳಿಂದ ಬೆಂಗಳೂರಿನ ಸರ್ಕಾರಿ ಎಆರ್‌ಟಿ ಕೇಂದ್ರವೊಂದರಲ್ಲಿ ಸಾಲು ನಿಂತು ಮಾತ್ರೆ ತರುವವನು, ಇಂಥದೇ ಒಂದು ಡಬ್ಬಿಯಿಂದ ಪೆಟ್ಟು ತಿಂದವನು.

2022ರಲ್ಲಿ ಮೊಣಕಾಲು ನೋವಿಗೆಂದು ಹಸಿರು ಡಬ್ಬಿಯ ಕ್ಯಾಲ್ಸಿಯಂ ಮಾತ್ರೆ ಕೊಂಡಿದ್ದೆ. ಕಡಲ ಪಾಚಿಯಿಂದ ತೆಗೆದದ್ದು, ಮೇಲೆ ಎಲೆಯ ಚಿತ್ರ. ಸೊಪ್ಪು ತಿಂದಂತೆಯೇ ಅಲ್ಲವೇ ಎಂದುಕೊಂಡೆ. ಮೊದಲ ಪಾಳಿಗೆ ಬಸ್ ಹಿಡಿಯುವ ಅವಸರದಲ್ಲಿ, ಬೆಳಿಗ್ಗೆ ಬರಿಹೊಟ್ಟೆಗೆ, ಒಂದೇ ಲೋಟ ನೀರಿನಲ್ಲಿ ಅದನ್ನೂ ಎಚ್‌ಐವಿ ಮಾತ್ರೆಯನ್ನೂ ನುಂಗುತ್ತಿದ್ದೆ. ಆರೇಳು ತಿಂಗಳು ಹೀಗೇ ನಡೆಯಿತು. ವರ್ಷದ ವೈರಲ್ ಲೋಡ್ (ರಕ್ತದಲ್ಲಿ ವೈರಸ್ ಎಷ್ಟಿದೆ ಎಂಬ) ವರದಿಯಲ್ಲಿ ಯಾವಾಗಲೂ ‘ಪತ್ತೆಯಾಗಿಲ್ಲ’ ಎಂದಿರುತ್ತಿದ್ದ ಜಾಗದಲ್ಲಿ ಆ ಸಲ ಒಂದು ಅಂಕಿ ಕುಳಿತಿತ್ತು. ಆಪ್ತಸಮಾಲೋಚಕಿ ನನ್ನ ಮಾತ್ರೆಗಳನ್ನು ಮೇಜಿನ ಮೇಲೆ ಸುರಿದು, ಎರಡೆರಡಾಗಿ ಸರಿಸಿ ಎಣಿಸಿದರು. ಒಂದು ದಿನವೂ ತಪ್ಪಿರಲಿಲ್ಲ. ಆಮೇಲೆ ಕೇಳಿದರು: ‘ಇದರ ಜೊತೆ ಬೇರೇನು ನುಂಗುತ್ತೀರಿ?’

ಈಗ ಹೆಚ್ಚಿನವರಿಗೆ ಕೊಡುವ ಟಿಎಲ್‌ಡಿ ಒಂದೇ ಮಾತ್ರೆಯಾದರೂ ಅದರೊಳಗೆ ಮೂರು ಔಷಧಗಳಿವೆ: ಟೆನೊಫೊವಿರ್ 300 ಮಿ.ಗ್ರಾಂ, ಲಾಮಿವುಡಿನ್ 300 ಮಿ.ಗ್ರಾಂ, ಡೊಲುಟೆಗ್ರಾವಿರ್ 50 ಮಿ.ಗ್ರಾಂ. ಈ ಡೊಲುಟೆಗ್ರಾವಿರ್‌ಗೆ ಕ್ಯಾಲ್ಸಿಯಂ, ಕಬ್ಬಿಣ, ಸತು, ಮೆಗ್ನೀಸಿಯಂ ಸಿಕ್ಕರೆ ಕರುಳಿನಲ್ಲೇ ಅಂಟಿಕೊಂಡು ಬಿಡುತ್ತದೆ, ರಕ್ತಕ್ಕೆ ಇಳಿಯುವುದು ಕಡಿಮೆಯಾಗುತ್ತದೆ. ಕ್ಯಾಲ್ಸಿಯಂ ಬಂದದ್ದು ಪಾಚಿಯಿಂದಲೋ ಸುಣ್ಣದ ಕಲ್ಲಿನಿಂದಲೋ ಎಂದು ಅದು ವಿಚಾರಿಸುವುದಿಲ್ಲ. ಅದಕ್ಕೇ ಇಂಥ ಪೂರಕಗಳನ್ನು ತೆಗೆದುಕೊಳ್ಳುವ 2 ಗಂಟೆ ಮೊದಲು, ಇಲ್ಲವೇ 6 ಗಂಟೆ ನಂತರ ಟಿಎಲ್‌ಡಿ ನುಂಗಬೇಕು. ಕ್ಯಾಲ್ಸಿಯಂ, ಕಬ್ಬಿಣವಾದರೆ ಊಟದ ಜೊತೆ ಎರಡನ್ನೂ ಒಟ್ಟಿಗೆ ತೆಗೆದುಕೊಳ್ಳಬಹುದು. ಎದೆಯುರಿಗೆ ಕುಡಿಯುವ ಗುಲಾಬಿ ಬಣ್ಣದ ಆ್ಯಂಟಾಸಿಡ್‌ಗೆ ಈ ರಿಯಾಯಿತಿ ಇಲ್ಲ. ಅದರಲ್ಲಿ ಸಾಮಾನ್ಯವಾಗಿ ಮೆಗ್ನೀಸಿಯಂ, ಅಲ್ಯೂಮಿನಿಯಂ ಇರುತ್ತವೆ. ನಾನು ಕ್ಯಾಲ್ಸಿಯಂ ಅನ್ನು ರಾತ್ರಿಗೆ ಸರಿಸಿದೆ, ಮುಂದಿನ ಪರೀಕ್ಷೆಯಲ್ಲಿ ಅಂಕಿ ಮಾಯವಾಯಿತು. ರಾಗಿಮುದ್ದೆಗೆ ಹೆದರಬೇಡಿ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿ.ಗ್ರಾಂ ಕ್ಯಾಲ್ಸಿಯಂ ಇದ್ದರೂ ಅದು ಊಟ.

ಬೇರು, ಎಲೆಗಳ ಸಾರ ಬೆರೆಸಿದ ಪುಡಿಗಳದು ಇನ್ನೊಂದು ಕಥೆ. ಮನಸ್ಸಿನ ಕುಗ್ಗುವಿಕೆಗೆ ಮಾರುವ ಸೇಂಟ್ ಜಾನ್ಸ್ ವರ್ಟ್ ಎಂಬ ಗಿಡವಿದೆ (ಕೋರಮಂಗಲದ ಆಸ್ಪತ್ರೆಗೂ ಇದಕ್ಕೂ ನಂಟಿಲ್ಲ). ಅದು ಯಕೃತ್ತನ್ನು ಚುರುಕುಗೊಳಿಸಿ ಡೊಲುಟೆಗ್ರಾವಿರ್ ಸೇರಿ ಹಲವು ಎಚ್‌ಐವಿ ಔಷಧಗಳನ್ನು ಬೇಗ ಕರಗಿಸಿ ಹಾಕುತ್ತದೆ. ಬೆಳ್ಳುಳ್ಳಿಯ ಸಾಂದ್ರ ಮಾತ್ರೆ ಸಾಕ್ವಿನಾವಿರ್ ಎಂಬ ಹಳೆಯ ಔಷಧದ ಪ್ರಮಾಣವನ್ನು ರಕ್ತದಲ್ಲಿ ಅರ್ಧದಷ್ಟಕ್ಕೆ ಇಳಿಸಿತ್ತು. ಸಾರಿನ ಒಗ್ಗರಣೆಯ ನಾಲ್ಕು ಎಸಳಿನ ಮಾತಲ್ಲ ಇದು. ಕೊರೊನಾ ಕಾಲದಲ್ಲಿ ಮನೆಮನೆಯಲ್ಲಿ ಅಮೃತಬಳ್ಳಿ ಕಷಾಯ ಕುದಿಯುತ್ತಿತ್ತಲ್ಲ, 2021ರಲ್ಲಿ ಮುಂಬೈನ ವೈದ್ಯರು ಅದನ್ನು ಸೇವಿಸಿದ ಕೆಲವರ ಯಕೃತ್ತಿಗೆ ಹಾನಿಯಾದದ್ದನ್ನು ಪ್ರಕಟಿಸಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ಆ ಜಗಳ ಅವರದು, ಯಕೃತ್ತು ನಿಮ್ಮ ತಮ್ಮನದು. ಇನ್ನು ಪುಡಿ ಕೊಟ್ಟವರು ‘ವೈರಸ್ಸೇ ಹೋಗುತ್ತದೆ’ ಎಂದೇನಾದರೂ ಹೇಳಿದ್ದರೆ ಡಬ್ಬಿಯನ್ನು ವಾಪಸು ಕೊಟ್ಟುಬಿಡಿ. ಔಷಧವೊಂದು ಗುಣಪಡಿಸುತ್ತದೆಂದು ಹೇಳಿಕೊಳ್ಳಬಾರದ ಕಾಯಿಲೆಗಳ ಪಟ್ಟಿ ನಮ್ಮ ಔಷಧ ನಿಯಮಗಳ ‘ಜೆ’ ಅನುಸೂಚಿಯಲ್ಲಿದೆ. ಅದರಲ್ಲಿ ಏಡ್ಸ್ ಹೆಸರೂ ಇದೆ.

ನನಗೆ ಪುಡಿಗಿಂತ ಆ ಸೊರಗುವಿಕೆಯದೇ ಚಿಂತೆ. ನಾಲ್ಕು ತಿಂಗಳು ಮಾತ್ರೆ ತಿಂದ ಮೇಲೂ ತೂಕ ಇಳಿಯುತ್ತಿದ್ದರೆ ಕ್ಷಯದ ತಪಾಸಣೆ ಮೊದಲು ಆಗಬೇಕು. ಕೆಮ್ಮು, ಸಂಜೆಯ ಜ್ವರ, ರಾತ್ರಿ ಬೆವರು ಇದೆಯೇ ಎಂದು ಕೇಳಿ. ಇದ್ದರೆ ಮುಂದಿನ ತಾರೀಖಿನವರೆಗೆ ಕಾಯದೆ ನಾಳೆಯೇ ಕರೆದುಕೊಂಡು ಹೋಗಿ. ಲಕ್ಷಣಗಳಿಲ್ಲದ ಎಚ್‌ಐವಿ ಪೀಡಿತರಿಗೆ ಶೇ 10ರಷ್ಟು, ಲಕ್ಷಣಗಳಿದ್ದವರಿಗೆ ಶೇ 20ರಿಂದ 30ರಷ್ಟು ಹೆಚ್ಚು ಶಕ್ತಿ ಊಟದಿಂದ ಸಿಗಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ದಿನಕ್ಕೆರಡು ಮೊಟ್ಟೆ, ಅರ್ಧ ಲೀಟರ್ ಹಾಲು, ಒಂದು ಹಿಡಿ ಕಡಲೆಕಾಯಿ, ಯಶವಂತಪುರದ ಮಾರುಕಟ್ಟೆಯಿಂದ ನುಗ್ಗೆಸೊಪ್ಪು: ತಿಂಗಳೆಲ್ಲ ತಿಂದರೂ ಆ 2,800ರಲ್ಲಿ ದುಡ್ಡು ಮಿಗುತ್ತದೆ. ಮೊಟ್ಟೆ ಆಗದವರಾದರೆ ಹುರುಳಿಕಾಳು, ಹೆಸರುಕಾಳು.

ಕೇಳದೆ ಹೇಳುತ್ತಿದ್ದೇನೆ, ಕ್ಷಮಿಸಿ. ಡಬ್ಬಿ ತಂದವರಿಗೆ ಅವನ ವಿಷಯ ಗೊತ್ತಾದದ್ದು ಹೇಗೆ? ಯಾರಿಗೆ ಹೇಳಬೇಕು, ಹೇಳಬಾರದು ಎಂಬ ನಿರ್ಧಾರ ಅವನದೇ. 2017ರ ಎಚ್‌ಐವಿ ಕಾಯ್ದೆ ಈ ಗುಟ್ಟಿಗೆ ರಕ್ಷಣೆ ಕೊಟ್ಟಿದೆ.

ಡಬ್ಬಿಯ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿರುವ ಪಟ್ಟಿಯ ಫೋಟೊ ತೆಗೆದು, ಕೇಂದ್ರಕ್ಕೆ ಹೋದಾಗ ವೈದ್ಯರಿಗೆ ತೋರಿಸಿ. ‘ಸ್ವಾಮ್ಯದ ಮಿಶ್ರಣ’ ಎಂದಷ್ಟೇ ಬರೆದು, ಏನು ಎಷ್ಟಿದೆ ಎಂದು ಹೇಳದಿದ್ದರೆ ಅವರೂ ಬೇಡವೆಂದೇ ಹೇಳಿಯಾರು. ಅಷ್ಟರಲ್ಲಿ ಏನಾದರೂ ಅನುಮಾನ ಬಂದರೆ ಏಡ್ಸ್ ಸಹಾಯವಾಣಿ 1097ಕ್ಕೆ ಕರೆ ಮಾಡಿ. ಉಚಿತ, ಹೆಸರು ಹೇಳಬೇಕಿಲ್ಲ.