ಮನೆಗೆ ಬೀಗ ಹಾಕಿದಾಗ ಗಿಡಕ್ಕೆ ನೀರು ಹಾಕೋರು ಯಾರು?

ಪ್ರಶ್ನೆ: ಹಿತ್ತಲಲ್ಲಿ ಟೊಮೆಟೊ, ಬದನೆ, ಮೆಣಸಿನಕಾಯಿ, ಬೀನ್ಸ್ ಎಲ್ಲ ಸೇರಿ ಸುಮಾರು 40 ಗಿಡಗಳಿವೆ. ನೀರು ಮಹಡಿ ಮೇಲಿನ ಟ್ಯಾಂಕಿನಿಂದ ಬರುತ್ತದೆ. ಹೋದ ಸಲ ಪ್ರವಾಸಕ್ಕೆ ಹೊರಡುವ ಹಿಂದಿನ ಸಂಜೆ ನಲ್ಲಿಗೆ ಟೈಮರ್ ಹಾಕಿ, ಡ್ರಿಪ್ ಪೈಪು ಜೋಡಿಸಿ ಹೋಗಿದ್ದೆ. ವಾಪಸ್ ಬಂದಾಗ ಅರ್ಧ ಗಿಡ ಒಣಗಿದ್ದವು, ಇನ್ನರ್ಧ ಕೆಸರಲ್ಲಿ ನಿಂತಿದ್ದವು. ಈಗ ಮತ್ತೆ 10 ದಿನ ಮನೆಯಲ್ಲಿ ಯಾರೂ ಇರುವುದಿಲ್ಲ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರ ಓದಿ ಬೇಜಾರಾಯಿತು. ತಿಂಗಳುಗಟ್ಟಲೆ ಸಾಕಿದ ಗಿಡ ಹಾಗೆ ಒಣಗಿ ನಿಂತಿದ್ದನ್ನು ನೋಡುವುದು ಸಣ್ಣ ಸಂಕಟವಲ್ಲ. ಆದರೆ ಹಿಂದಿನ ಸಂಜೆ ಜೋಡಿಸಿದಿರಿ ಅಲ್ವಾ, ಎಡವಿದ್ದು ಅಲ್ಲೇ. ಈ ಸಲ ಹೊರಡುವುದಕ್ಕೆ ಕನಿಷ್ಠ ಒಂದು ವಾರ ಮುಂಚೆ ಎಲ್ಲ ಜೋಡಿಸಿ. ಆ ವಾರ ಮನೆಯಲ್ಲೇ ಇದ್ದರೂ ಕೈಯಿಂದ ಒಂದು ಚೊಂಬು ನೀರನ್ನೂ ಹಾಕಬೇಡಿ. ಪೂರ್ತಿ ಟೈಮರಿಗೇ ಬಿಡಿ. ಯಾವ ಜಾಯಿಂಟ್ ಬಿಚ್ಚಿಕೊಳ್ಳುತ್ತದೆ, ಯಾವ ಡ್ರಿಪ್ಪರ್ (ಗಿಡದ ಬುಡಕ್ಕೆ ಹನಿ ಬೀಳಿಸುವ ಪುಟ್ಟ ಬಾಯಿ) ಕಟ್ಟಿಕೊಳ್ಳುತ್ತದೆ, ಎಲ್ಲ ನಿಮ್ಮ ಕಣ್ಣೆದುರಿಗೇ ಆಗಲಿ.

ಒಂದು ಪರೀಕ್ಷೆ ಹೇಳುತ್ತೇನೆ, ದಯವಿಟ್ಟು ಮಾಡಿ ನೋಡಿ. ನಲ್ಲಿಗೆ ಹತ್ತಿರದ ಡ್ರಿಪ್ಪರ್ ಕೆಳಗೆ ಒಂದು ಲೋಟ, ಪೈಪಿನ ಕಟ್ಟಕಡೆಯದರ ಕೆಳಗೆ ಇನ್ನೊಂದು ಲೋಟ ಇಟ್ಟು 10 ನಿಮಿಷ ನೀರು ಬಿಡಿ. ಗಂಟೆಗೆ 2 ಲೀಟರ್ ಅಂತ ಬರೆದಿರುವ ಡ್ರಿಪ್ಪರ್ ಸರಿಯಾದ ಒತ್ತಡ ಇದ್ದರೆ ಅಷ್ಟು ಹೊತ್ತಿಗೆ 330 ಮಿಲಿಯಷ್ಟು ಕೊಡಬೇಕು. ಮೊದಲನೆಯ ಲೋಟ ತುಂಬಿ ಕೊನೆಯದರ ತಳ ಮಾತ್ರ ಒದ್ದೆಯಾಗಿದ್ದರೆ, ಅರ್ಧ ಒಣ ಅರ್ಧ ಕೆಸರು ಆಗಿದ್ದು ಯಾಕೆ ಅಂತ ಗೊತ್ತಾದ ಹಾಗೆಯೇ. ಆಗ ಒಂದೇ ಉದ್ದ ಪೈಪಿನ ಬದಲು ನೀರನ್ನು ಪಾತಿಯ ಮಧ್ಯಕ್ಕೆ ತಂದು, ಅಲ್ಲಿಂದ ಎರಡೂ ಕಡೆ ಗಿಡ್ಡ ಪೈಪುಗಳನ್ನು ಎಳೆಯಿರಿ.

ಟ್ಯಾಂಕಿನ ನೀರಿಗೆ ಒತ್ತಡ ಕಡಿಮೆ. ಒಂದು ಮೀಟರ್ ಎತ್ತರಕ್ಕೆ ಸಿಗುವುದು ಸುಮಾರು 0.1 ಬಾರ್ (ಬಾರ್ ಅನ್ನುವುದು ಒತ್ತಡದ ಅಳತೆ), ಅಂದರೆ ಟ್ಯಾಂಕ್ 4 ಮೀಟರ್ ಮೇಲಿದ್ದರೆ 0.4 ಬಾರ್ ಅಷ್ಟೇ. ಎಲ್ಲ ಗಿಡಕ್ಕೂ ಸಮನಾಗಿ ನೀರು ಕೊಡುತ್ತವೆ ಅಂತ ಮಾರುವ 'ಪ್ರೆಷರ್ ಕಾಂಪೆನ್ಸೇಟಿಂಗ್' ಡ್ರಿಪ್ಪರುಗಳಲ್ಲಿ ಬಹಳಷ್ಟಕ್ಕೆ ಇದು ಸಾಲುವುದಿಲ್ಲ, ಸಾದಾ ಡ್ರಿಪ್ಪರೇ ತನ್ನಿ. ಟೈಮರಿನದ್ದೂ ಇದೇ ಕಥೆ. ಸೊಲೆನಾಯ್ಡ್ ವಾಲ್ವ್, ಅಂದರೆ ವಿದ್ಯುತ್ ಕಾಂತದಿಂದ ತೆರೆದು ಮುಚ್ಚುವ ವಾಲ್ವ್ ಇರುವಂಥವು ಒತ್ತಡ ಕಡಿಮೆಯಾದರೆ ಸರಿಯಾಗಿ ತೆರೆಯುವುದೂ ಇಲ್ಲ, ಮುಚ್ಚುವುದೂ ಇಲ್ಲ. ನಿಮಗೆ ಬೇಕಾದ್ದು ಬಾಲ್ ವಾಲ್ವ್ ಟೈಮರ್. ಅದರಲ್ಲಿ ಪುಟ್ಟ ಮೋಟರ್ ವಾಲ್ವನ್ನು ತಿರುಗಿಸುತ್ತದೆ, ನೀರಿನ ಒತ್ತಡದ ಹಂಗಿಲ್ಲ. ಹೊಸ ಬ್ಯಾಟರಿ ಹಾಕಿ, ನಲ್ಲಿ ಹತ್ತಿರ ಒಂದು ಫಿಲ್ಟರ್ ಕೂರಿಸಿ. ಟ್ಯಾಂಕಿನ ತಳದ ಕೊಳೆ ಡ್ರಿಪ್ಪರ್ ಬಾಯಿಗೆ ಸಿಕ್ಕಿಕೊಂಡರೆ ಆ ಗಿಡದ ಕಥೆ ಮುಗಿದಂತೆ.

ಲೆಕ್ಕಾನೂ ಹಾಕಿಕೊಳ್ಳಿ. ಗಿಡಕ್ಕೆ ದಿನಕ್ಕೆ 1 ಲೀಟರ್ ಅಂದರೂ 40 ಗಿಡಕ್ಕೆ 10 ದಿನಕ್ಕೆ 400 ಲೀಟರ್. ಟ್ಯಾಂಕಿನಲ್ಲಿ ಅಷ್ಟು ನೀರು ಇರುತ್ತಾ? ಹೊರಡುವಾಗ ಮೇನ್ ವಾಲ್ವ್ ಮುಚ್ಚುವ ಅಭ್ಯಾಸ ನಿಮಗಿದ್ದರೆ ಈ ಸಲ ಕೈ ತಡೆಯಿರಿ. ಎಷ್ಟು ಹೊತ್ತು ನೀರು ಬಿಡಬೇಕು ಅನ್ನುವುದನ್ನು ಮಣ್ಣೇ ಹೇಳುತ್ತದೆ. ನೀರು ನಿಂತ ಮೇಲೆ ಬುಡದ ಪಕ್ಕ ಒಂದು ಗೇಣು ಅಗೆದು ನೋಡಿ. ಮೇಲೆ ಒದ್ದೆ, ಕೆಳಗೆ ಪುಡಿಪುಡಿ ಇದ್ದರೆ ಹೊತ್ತು ಜಾಸ್ತಿ ಮಾಡಿ. ಮರಳು ಮಣ್ಣಾದರೆ ಬೆಳಿಗ್ಗೆ ಸಂಜೆ ಸ್ವಲ್ಪ ಸ್ವಲ್ಪ, ಜೇಡಿ ಮಣ್ಣಾದರೆ ಒಂದೇ ಸಲ ನಿಧಾನವಾಗಿ.

ಬುಡಕ್ಕೆ ಎರಡು ಮೂರು ಇಂಚು ಒಣ ಎಲೆ ಹೊದಿಸಿ, ಕಾಂಡಕ್ಕೆ ಮಾತ್ರ ತಾಗದಿರಲಿ. ಹೊರಡುವ ದಿನ ಬೀನ್ಸ್ ಎಳೆಯದನ್ನೂ ಬಿಡದೆ ಕೊಯ್ದುಬಿಡಿ, ಬಲಿತ ಕಾಯಿ ಗಿಡದಲ್ಲೇ ಉಳಿದರೆ ಹೊಸ ಕಾಯಿ ಬಿಡುವುದು ಕಡಿಮೆಯಾಗುತ್ತದೆ.

ಪ್ರಶ್ನೆ: ನಮ್ಮದು ಬಾಲ್ಕನಿ. ಎಂಟು ಕುಂಡಗಳಿವೆ, ನಲ್ಲಿ ಇಲ್ಲ. ಬಾಟಲಿಗೆ ತೂತು ಮಾಡಿ ಕುಂಡದಲ್ಲಿ ಬೋರಲು ಹಾಕಿ ಹೋದರೆ ಐದು ದಿನ ಸಾಕಾ?

ಉತ್ತರ: ಬಾಟಲಿಯನ್ನು ನಾನಂತೂ ನಂಬುವುದಿಲ್ಲ. ಒಮ್ಮೊಮ್ಮೆ ಒಂದೇ ದಿನದಲ್ಲಿ ಖಾಲಿ, ಒಮ್ಮೊಮ್ಮೆ ತೂತಿಗೆ ಮಣ್ಣು ಕಟ್ಟಿ ಹನಿಯೂ ಇಲ್ಲ. ಅದರ ಬದಲು ಹತ್ತಿಯ ಹಗ್ಗ ಉಪಯೋಗಿಸಿ. ಕುಂಡಗಳನ್ನೆಲ್ಲ ನೆರಳಿಗೆ ತಂದು ಒತ್ತೊತ್ತಾಗಿ ಜೋಡಿಸಿ, ನಡುವೆ ಸ್ಟೂಲಿನ ಮೇಲೆ ನೀರು ತುಂಬಿದ ಬಕೆಟ್ ಇಡಿ. ಹಗ್ಗವನ್ನು ಮೊದಲೇ ಪೂರ್ತಿ ನೆನೆಸಿ, ಒಂದು ತುದಿ ಬಕೆಟಿನ ತಳ ಮುಟ್ಟುವ ಹಾಗೆ ಬಿಡಿ, ಇನ್ನೊಂದನ್ನು ಕುಂಡದ ಮಣ್ಣೊಳಗೆ ಎರಡು ಮೂರು ಇಂಚು ಹೂಳಿ. ಕುಂಡಕ್ಕೊಂದು ಹಗ್ಗ. ಬಕೆಟ್ ಮೇಲೆ ಮುಚ್ಚಳ ಇರಲಿ, ಇಲ್ಲದಿದ್ದರೆ ಸೊಳ್ಳೆ ಮೊಟ್ಟೆ ಇಡುತ್ತವೆ. ಎರಡು ದಿನ ಮುಂಚೆಯೇ ಶುರು ಮಾಡಿ, ಬಕೆಟಿನಲ್ಲಿ ನೀರು ಎಷ್ಟು ಇಳಿಯಿತು ಅಂತ ಗುರುತು ಹಾಕಿ ನೋಡಿ.

ಪ್ರಶ್ನೆ: ವಾಪಸ್ ಬಂದಾಗ ಗಿಡ ಜೋತುಬಿದ್ದಿದ್ದರೆ ತಕ್ಷಣ ಜಾಸ್ತಿ ನೀರು ಸುರಿಯಬಹುದಾ?

ಉತ್ತರ: ಮೊದಲು ಮಣ್ಣೊಳಗೆ ಬೆರಳು ಹಾಕಿ ನೋಡಿ. ಒದ್ದೆ ಇದ್ದೂ ಎಲೆ ಜೋತಿದ್ದರೆ ಬೇರಿಗೆ ಗಾಳಿ ಸಿಗದೆ ಹಾಗಾಗಿರಬಹುದು, ನೀರು ಮುಟ್ಟಿಸಲೇಬೇಡಿ. ಒಣಗಿದ್ದರೆ ಕುಂಡವನ್ನು ನೆರಳಿಗೆ ತಂದು, ಅರ್ಧ ನೀರು ತುಂಬಿದ ಟಬ್ಬಿನಲ್ಲಿ ಗುಳ್ಳೆ ಬರುವುದು ನಿಲ್ಲುವ ತನಕ ಕೂರಿಸಿ. ಮೇಲಿಂದ ಸುರಿದರೆ ಒಣಗಿ ಬಿರುಕುಬಿಟ್ಟ ಮಣ್ಣಿನ ಅಂಚಿನಿಂದ ನೀರೆಲ್ಲ ಸುಮ್ನೆ ಕೆಳಗೆ ಹರಿದುಹೋಗುತ್ತದೆ. ಒಣಗಿದ ಎಲೆಯನ್ನು ಅವತ್ತೇ ಕತ್ತರಿಸಬೇಡಿ, ಮೂರು ನಾಲ್ಕು ದಿನ ಕಾಯಿರಿ. ಎಲ್ಲಿ ಹೊಸ ಚಿಗುರು ಬರುತ್ತದೋ ಅದರ ಮೇಲಿನದನ್ನು ಮಾತ್ರ ತೆಗೆಯಿರಿ.