ಪರಿಚಯವಿಲ್ಲದವರ ಮನೆಯಲ್ಲಿ ಮಗುವನ್ನು ನೋಡಿಕೊಳ್ಳಲು ಒಪ್ಪಿಕೊಂಡಿದ್ದೇನೆ, ಈಗ ಹೆದರಿಕೆಯಾಗುತ್ತಿದೆ. ಏನು ಮಾಡಲಿ?

ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಗುರುತಿಲ್ಲದ ದಂಪತಿಯ ಮೂರು ವರ್ಷದ ಮಗುವಿನ ಜೊತೆ ಶನಿವಾರ ಸಂಜೆ ಒಬ್ಬರೇ ಇರಬೇಕಾಗಿದೆ ಎಂದು ಬರೆದಿದ್ದೀರಿ. ನಿಮ್ಮ ಅಳುಕು ಸಹಜವಾದದ್ದೇ. ಧಾರವಾಡದ ಸಪ್ತಾಪುರದ ಪೀಜಿಯಲ್ಲಿದ್ದುಕೊಂಡು ಓದುತ್ತಿದ್ದಾಗ, ನಮ್ಮ ಪೀಜಿ ಮಾಲಕಿಯವರ ಮಾತಿನ ಮೇಲೆ ನಾನೂ ಮಾಳಮಡ್ಡಿಯ ಒಂದು ಹಳೆಯ ಮನೆಗೆ ಇದೇ ಕೆಲಸಕ್ಕೆ ಹೋಗಿದ್ದೆ.

ಆ ಮನೆಯವರು ಹುಬ್ಬಳ್ಳಿಯಲ್ಲಿ ಒಂದು ಆರತಕ್ಷತೆಗೆ ಹೊರಟಿದ್ದರು. ಹೊರಡುವ ಅವಸರದಲ್ಲಿಯೂ ಹಾಲು ಎಷ್ಟು ಬಿಸಿ ಇರಬೇಕು, ಯಾವ ಕೌದಿ ಹೊದಿಸಬೇಕು ಎಂಬುದನ್ನೆಲ್ಲ ಮಗುವಿನ ತಾಯಿ ವಿವರವಾಗಿ ಹೇಳಿದರು; ಕರೆಂಟು ಹೋದರೆ ಬ್ಯಾಟರಿ ಎಲ್ಲಿದೆ, ಗ್ಯಾಸಿನ ರೆಗ್ಯುಲೇಟರ್ ಎಲ್ಲಿದೆ, ತಮ್ಮ ಫೋನು ಹತ್ತದಿದ್ದರೆ ಯಾರಿಗೆ ಮಾಡಬೇಕು ಎಂಬುದನ್ನು ಅವರೂ ಹೇಳಲಿಲ್ಲ, ಕೇಳಿದರೆ ಏನೂ ತಿಳಿಯದವಳೆಂದುಕೊಂಡಾರು ಎಂಬ ಸಂಕೋಚಕ್ಕೆ ನಾನೂ ಕೇಳಲಿಲ್ಲ. ಅಂದು ರಾತ್ರಿ ನಾನು ಪಟ್ಟ ಪಾಡಿಗೆಲ್ಲ ಆ ಸಂಕೋಚವೇ ಮೂಲ.

ಎಂಟು ಗಂಟೆಯ ಸುಮಾರಿಗೆ ಮಳೆ ಹಿಡಿಯಿತು, ಕರೆಂಟು ಹೋಯಿತು. ಹಂಚಿನ ಮೇಲೆ ಬೀಳುವ ನೀರಿನ ಸದ್ದಿನಲ್ಲಿ ಹಿತ್ತಲಿನ ಬಾಗಿಲಿಗೆ ಚಿಲಕ ಹಾಕಿದ್ದೇನೆಯೇ ಇಲ್ಲವೇ ಎಂದು ಮೂರು ಸಲ ಹೋಗಿ ನೋಡಿಬಂದೆ. ಮಗುವಿಗೆ ಮಾತ್ರ ಯಾವ ಹೆದರಿಕೆಯೂ ಇರಲಿಲ್ಲ. ಡಬ್ಬಿಯಲ್ಲಿದ್ದ ಹುರಿದ ಶೇಂಗಾ ಬೇಕೆಂದು ಹಟ ಹಿಡಿಯಿತು, ನಾನು ಮುಷ್ಟಿ ತುಂಬ ಕೊಟ್ಟುಬಿಟ್ಟೆ. ನಮ್ಮ ಕಡೆ ಶೇಂಗಾ ಇಲ್ಲದ ಮನೆಯೇ ಇಲ್ಲವಾದ್ದರಿಂದ ಅದನ್ನು ಅಪಾಯವೆಂದು ಯಾರೂ ಎಣಿಸುವುದಿಲ್ಲ. ಆದರೆ ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಇಡೀ ಕಾಳು ಕೊಡಬಾರದು, ಅದು ಶ್ವಾಸನಾಳದಲ್ಲಿ ಸಿಕ್ಕಿಕೊಳ್ಳಬಹುದು. ಅಂದು ಮಗು ನಗುತ್ತ ನಗುತ್ತ ಕೆಮ್ಮಿತು, ಕಾಳು ಹೊರಗೆ ಬಂತು, ನನ್ನ ಪುಣ್ಯ. ಮಗು ಗಟ್ಟಿಯಾಗಿ ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಬೇಕು. ಕೆಮ್ಮಲೂ ಅಳಲೂ ಆಗದಿದ್ದರೆ ಮುಂದಕ್ಕೆ ಬಾಗಿಸಿ, ಎರಡು ಭುಜದೆಲುಬುಗಳ ನಡುವೆ ಅಂಗೈಯ ಬುಡದಿಂದ 5 ಸಲ ಬಲವಾಗಿ ಹೊಡೆಯಬೇಕು, ಕೂಗಿ ನೆರೆಯವರನ್ನು ಕರೆಯಬೇಕು, 112ಕ್ಕೆ ಫೋನು ಮಾಡಿಸಬೇಕು. ಕಾಣದ ವಸ್ತುವಿಗಾಗಿ ಬಾಯೊಳಗೆ ಬೆರಳು ಹಾಕಿ ತಡಕಿದರೆ ಅದು ಇನ್ನೂ ಒಳಗೆ ಸರಿಯುತ್ತದೆ.

ಒಂಬತ್ತಕ್ಕೆ ಯಾರೋ ಬಾಗಿಲು ಬಡಿದರು. “ನಾ ಈಕಿ ಕಾಕಾ ಅದೀನಿ, ಬಾಗ್ಲಾ ತಗೀವಾ” ಎಂದಿತು ಗಂಡಸಿನ ದನಿ. ಒಳಗೆ ಮಗು “ಕಾಕಾ, ಕಾಕಾ” ಎಂದು ಕುಣಿಯತೊಡಗಿತು; ಅಷ್ಟಕ್ಕೇ ನಂಬಬೇಕೆಂದರೆ ಅದು ಮಧ್ಯಾಹ್ನ ಹಾಲು ತಂದವನಿಗೂ ಕಾಕಾ ಎಂದೇ ಕರೆದಿತ್ತು. ಮಗುವಿನ ತಾಯಿಗೆ ನಾಲ್ಕು ಸಲ ಫೋನು ಮಾಡಿದೆ, ಅತ್ತ ಕಡೆಯಿಂದ ಉತ್ತರವಿಲ್ಲ. ಕೊನೆಗೆ ಕಿಟಕಿಯ ಸಂದಿಯಿಂದ, “ಅಕ್ಕಾರು ಬರೂತನಾ ತಗಿಯೂದಿಲ್ರಿ, ಕಟ್ಟಿ ಮ್ಯಾಲೆ ಕುಂದರ್ರಿ” ಎಂದೆ. ನನ್ನ ದನಿ ನನಗೇ ಬೇರೆಯವರದೆನಿಸಿತು. ಆತ ಏನೋ ಗೊಣಗಿ ಸುಮ್ಮನೆ ಕುಳಿತ.

ಆತ ನಿಜವಾಗಿಯೂ ಮಗುವಿನ ಕಾಕಾನೇ ಆಗಿದ್ದ. ಒಂದೂವರೆ ತಾಸು ಇರಚಲಿನಲ್ಲಿ ನೆನೆದಿದ್ದ ಆತನ ಮುಂದೆ ನಿಲ್ಲಲು ನನಗೆ ನಾಚಿಕೆಯಾಯಿತಾದರೂ, ಇಂದು ಅದೇ ಪ್ರಸಂಗ ಬಂದರೂ ನಾನು ಬಾಗಿಲು ತೆಗೆಯಲಾರೆ.

ಆದ್ದರಿಂದ ಶನಿವಾರ ಅರ್ಧ ತಾಸು ಮೊದಲೇ ಹೋಗಿ, ಆ ತಾಯಿ ಮನೆಯಲ್ಲಿರುವಾಗಲೇ ಎಲ್ಲವನ್ನೂ ಕೇಳಿ ಬರೆದುಕೊಳ್ಳಿ: ಇಬ್ಬರ ಫೋನು ನಂಬರು, ಪಕ್ಕದ ಮನೆಯವರ ನಂಬರು, ಮಗುವಿಗೆ ಆಗದ ತಿನಿಸು, ಮತ್ತು ಮುಖ್ಯವಾಗಿ, ಅವರು ಇಲ್ಲದಾಗ ಯಾರಾದರೂ ಬರುವವರಿದ್ದಾರೆಯೇ ಎಂಬುದು. ರಾತ್ರಿ ನಿಮ್ಮನ್ನು ಯಾರು ತಂದು ಬಿಡುತ್ತಾರೆಂಬುದನ್ನೂ ಆಗಲೇ ಗೊತ್ತುಮಾಡಿಕೊಳ್ಳಿ. ನನ್ನನ್ನು ಆ ಮನೆಯವರು ಮತ್ತೊಮ್ಮೆ ಕರೆದಾಗ, ನಾನು ಕೇಳುವ ಮೊದಲೇ, “ಇವತ್ತ ಕಾಕಾ ಬರಂಗಿಲ್ಲ” ಎಂದು ಆಕೆ ನಗುತ್ತ ಹೇಳಿದರು.